ಸತ್ಯಾಂಶ: ಬ್ಲ್ಯಾಕ್ ಪ್ಯಾಂಥರ್ ಹೆಸರು ಪಕ್ಷದಿಂದ ಬಂದದ್ದಲ್ಲ

ಕರಿಯರ ಹಕ್ಕುಗಳಿಗಾಗಿ ಹೋರಾಡಿದ ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಹೆಸರನ್ನೇ ಮಾರ್ವೆಲ್ ಕಾಮಿಕ್ಸ್ ತನ್ನ ಕಪ್ಪುವರ್ಣೀಯ ಸೂಪರ್‌ಹೀರೋಗೆ ಇಟ್ಟಿತೆಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು. ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ ಸೃಷ್ಟಿಸಿದ ಬ್ಲ್ಯಾಕ್ ಪ್ಯಾಂಥರ್, ಅಂದರೆ ವಕಾಂಡ ಎಂಬ ಕಾಲ್ಪನಿಕ ದೇಶದ ದೊರೆ ಟಿಚಾಲ, ಮೊದಲು ಕಾಣಿಸಿಕೊಂಡ ‘ಫೆಂಟಾಸ್ಟಿಕ್ ಫೋರ್’ ಕಾಮಿಕ್ಸ್‌ನ 52ನೇ ಸಂಚಿಕೆಯ ಮೇಲೆ ಅಚ್ಚಾಗಿರುವುದು 1966ರ ಜುಲೈ. ಹ್ಯೂಯಿ ನ್ಯೂಟನ್ ಮತ್ತು ಬಾಬಿ ಸೀಲ್ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿ ಪಕ್ಷ ಕಟ್ಟಿದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ. ಪಕ್ಷಕ್ಕೆ ಆ ಹೆಸರು ಒದಗಿದ್ದು, ಕರಿಯರ ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದ ಅಲಬಾಮಾದ ಲೌಂಡ್ಸ್ ಕೌಂಟಿಯ ಸಂಘಟನೆಯೊಂದರ ಕರಿಚಿರತೆ ಚಿಹ್ನೆಯಿಂದ. ಪಕ್ಷದ ಪ್ರಭಾವ ಕಾಮಿಕ್ಸ್ ಮೇಲೆ ಆದದ್ದು ಆಮೇಲೆ: 1972ರ ‘ಫೆಂಟಾಸ್ಟಿಕ್ ಫೋರ್’ 119ನೇ ಸಂಚಿಕೆಯಲ್ಲಿ, ಹಳೆಯ ಹೆಸರಿಗೆ ಅಮೆರಿಕದಲ್ಲಿ ರಾಜಕೀಯ ಅರ್ಥ ಅಂಟಿಕೊಂಡಿದೆಯೆಂದು ಟಿಚಾಲ ಕೆಲಕಾಲ ‘ಬ್ಲ್ಯಾಕ್ ಲೆಪರ್ಡ್’ ಎಂದು ಕರೆದುಕೊಂಡ.