ಮಾವನೇ ಯಾಕೆ ಹಾರಲಿಲ್ಲ?

ಕೆರೆಗೆ ನೀರು ಬರಲೆಂದು ಸೊಸೆಯನ್ನು ಬಲಿ ಕೊಡುವ 'ಕೆರೆಗೆ ಹಾರ' ಹಾಡಿನ ಕಥೆ ಹೇಳಿ ಮುಗಿಸಿದೆ. ಮಗಳು ಅಳಲಿಲ್ಲ. "ಕೆರೆ ಕಟ್ಟಿಸಿದ್ದು ಮಾವ ತಾನೇ? ಅವನೇ ಯಾಕೆ ಹಾರಲಿಲ್ಲ?" ಅಂದಳು. ಹುಟ್ಟಿ ಬೆಳೆದಿದ್ದು ಜರ್ಮನಿಯಲ್ಲಿ, ಹೀಗೆಲ್ಲ ಕೇಳುತ್ತಾಳೆ ಅಂತ ಸುಮ್ಮನಾಗಬಹುದಿತ್ತು. ಆದರೆ ಮಾತು ಚುಚ್ಚಿತು. ಚಿಕ್ಕವನಿದ್ದಾಗ ಈ ಹಾಡಿಗೆ ನಾನು ಅತ್ತಿದ್ದುಂಟು, ಆ ಮಾವ ಮಲ್ಲನಗೌಡನ ಮೇಲೆ ಸಿಟ್ಟು ಬಂದ ನೆನಪಿಲ್ಲ.

ಇಲ್ಲಿನ ಮಕ್ಕಳಿಗೆ ಗ್ರೆಟೆಲ್ ಗೊತ್ತು. ಗ್ರಿಮ್ ಸೋದರರ 1812ರ ಜರ್ಮನ್ ಜನಪದ ಕಥೆಗಳ ಸಂಗ್ರಹದಲ್ಲೇ ಇರುವ ಹುಡುಗಿ. ಅಣ್ಣ ಒಬ್ಬ ಮಾಟಗಾತಿಯ ಬೋನಿನಲ್ಲಿದ್ದಾನೆ. ಇವಳೂ ಮೊದಲು ಅಳುತ್ತಾಳೆ. ಒಲೆಯೊಳಗೆ ಹೊಕ್ಕು ಕಾದಿದೆಯಾ ನೋಡು ಅಂತ ಮಾಟಗಾತಿ ಹೇಳಿದಾಗ ಮಾತ್ರ, ಹೇಗೆ ಹೋಗೋದು ಗೊತ್ತಿಲ್ಲವಲ್ಲ ಅಂತ ಪೆದ್ದಿಯ ಹಾಗೆ ನಿಲ್ಲುತ್ತಾಳೆ. ಮುದುಕಿ ತೋರಿಸಲು ತಲೆ ತೂರಿಸಿದಳೋ ಇಲ್ಲವೋ, ಒಂದೇ ಸಲ ನೂಕಿ, ಕಬ್ಬಿಣದ ಬಾಗಿಲು ಹಾಕಿ ಅಗುಳಿ ಜಡಿಯುತ್ತಾಳೆ. ನನಗೆ ಅದಕ್ಕಿಂತ ಇಷ್ಟವಾಗುವುದು ಆಮೇಲಿನ ಸಣ್ಣ ಮಾತು. ನೀರು ದಾಟಿಸಲು ಒಂದು ಬಾತುಕೋಳಿ ಬರುತ್ತದೆ. ಹತ್ತಿ ಕೂತ ಅಣ್ಣ ನೀನೂ ಬಾ ಅನ್ನುತ್ತಾನೆ. ಬೇಡ, ಅದಕ್ಕೆ ಭಾರ ಜಾಸ್ತಿ ಆಗುತ್ತೆ, ಒಬ್ಬೊಬ್ಬರಾಗಿ ಹೋಗೋಣ ಅನ್ನುತ್ತಾಳೆ ಗ್ರೆಟೆಲ್. ಇನ್ನೊಂದು ಜೀವದ ಕಷ್ಟ ಅವಳಿಗೂ ತಿಳಿಯುತ್ತದೆ. ಅದಕ್ಕಾಗಿ ತಾನೇ ಮುಳುಗಬೇಕು ಅಂತ ಅವಳಿಗೆ ಯಾರೂ ಕಲಿಸಿಲ್ಲ.

ಭಾಗೀರಥಿಗೆ ಎಲ್ಲರೂ ಕಲಿಸಿದ್ದರು. ಹಿರಿಸೊಸೆಯರನ್ನು ಬಿಟ್ಟು ಕಿರಿಸೊಸೆಯನ್ನು ಆರಿಸುತ್ತಾರೆ. ಅವಳು ತವರಿಗೆ ಓಡುತ್ತಾಳೆ. ಅಪ್ಪ ಅಮ್ಮನಿಗೆ ನಿಜ ಹೇಳಲು ಬಾಯಿ ಬರುವುದಿಲ್ಲ, ಮಾವ ಬೇರೆ ಇಡುತ್ತಾರಂತೆ ಅಂತ ಸುಳ್ಳು ಹೇಳುತ್ತಾಳೆ. ನಿಜ ಹೇಳುವುದು ಗೆಳತಿಗೆ ಒಬ್ಬಳಿಗೇ. ಆ ಗೆಳತಿಯಾದರೂ ಓಡಿಹೋಗು ಅನ್ನುತ್ತಾಳಾ? ಇಟ್ಟ ಹಾಗೆ ಇರಬೇಕು ಅನ್ನುತ್ತಾಳೆ! ಆಮೇಲೆ ಎಲ್ಲರೂ ಸೇರಿ ಕೆರೆಯಲ್ಲಿ ಪೂಜೆ ಮುಗಿಸಿ, ಬಂಗಾರದ ಬಟ್ಟಲು ಮರೆತು ಬಂದೆವು ಅಂತ ಹೊರಡುತ್ತಾರೆ. ತರಲು ವಾಪಸ್ ಹೋಗುವವಳು ಭಾಗೀರಥಿ.

ಪುಣ್ಯಕೋಟಿಯದೂ ಬಹುತೇಕ ಇದೇ ದಾರಿ. ಕೊಟ್ಟ ಮಾತು ಉಳಿಸಲು ತಾನಾಗೇ ಹುಲಿಯ ಮುಂದೆ ಹೋಗಿ ನಿಂತಿತು. ಆ ಹುಲಿಗೆ ನಾಚಿಕೆ ಅನ್ನುವುದಿತ್ತು, ಹಸು ಬದುಕಿತು. ನಾಚಿಕೆಯಿಲ್ಲದ ಹುಲಿ ಸಿಕ್ಕಿದ್ದರೆ?

ಊರಿನಲ್ಲಿರುವ ಅತ್ತೆಗೆ ಫೋನಿನಲ್ಲಿ ಇದನ್ನೇ ಹೇಳಿದೆ. "ಅವಳು ಓಡಿಹೋಗಿದ್ದರೆ ಊರಿಗೆ ನೀರು ಬರ್ತಿತ್ತೇನೋ?" ಅಂದರು. ನನಗೆ ರೇಗಿದ್ದು ಇಲ್ಲೇ. ಊರಿಗೆಲ್ಲ ನೀರು ಬೇಕು, ಮುಳುಗಲು ಮಾತ್ರ ಕಿರಿಸೊಸೆಯೇ ಆಗಬೇಕು. ಅದಕ್ಕೆ ತ್ಯಾಗ ಅಂತ ಹೆಸರಿಟ್ಟು ಹೆಣ್ಣುಮಕ್ಕಳಿಗೆ ಹೇಳಿಕೊಡುತ್ತೇವೆ.

ಹಾಗಂತ ಗ್ರಿಮ್ ಹುಡುಗಿಯರೆಲ್ಲ ಗ್ರೆಟೆಲ್ ಅಲ್ಲ, ಅದನ್ನೂ ಹೇಳಿಬಿಡಬೇಕು. ಆರು ಹಂಸಗಳ ಕಥೆಯ ತಂಗಿ, ಅಣ್ಣಂದಿರನ್ನು ಮತ್ತೆ ಮನುಷ್ಯರನ್ನಾಗಿ ಮಾಡಲು ಆರು ವರ್ಷ ಮಾತಿಲ್ಲ ನಗುವಿಲ್ಲ, ಹೂವಿನಿಂದ ಅಂಗಿ ಹೊಲಿಯುತ್ತಾ ಕೂರುತ್ತಾಳೆ. ಹೆತ್ತ ಮಕ್ಕಳನ್ನು ಕದ್ದು ಇವಳ ಮೇಲೇ ಅಪವಾದ ಹೊರಿಸಿದರೂ ಬಾಯಿ ಬಿಡುವುದಿಲ್ಲ. ಸುಡಲು ಸೌದೆ ಒಟ್ಟುವವರೆಗೂ ಸುಮ್ಮನಿರುತ್ತಾಳೆ. ಭಾಗೀರಥಿಯ ಗೆಳತಿ ಕಂಡಿದ್ದರೆ ಶಹಬ್ಬಾಸ್ ಅನ್ನುತ್ತಿದ್ದಳು.

ಅದೇ ಸಂಗ್ರಹದಲ್ಲಿ ಫಿಚರನ ಹಕ್ಕಿ ಅಂತ ಇನ್ನೊಂದು ಕಥೆಯಿದೆ. ಅಕ್ಕಂದಿರಿಬ್ಬರನ್ನು ಕತ್ತರಿಸಿ ಹಾಕಿದ ಮಂತ್ರವಾದಿಯ ಮನೆಯಲ್ಲಿ ಮೂರನೆಯವಳು ಆ ತುಂಡುಗಳನ್ನು ಜೋಡಿಸಿ ಜೀವ ಬರಿಸುತ್ತಾಳೆ. ಅವರನ್ನು ಬುಟ್ಟಿಯಲ್ಲಿ ಬಚ್ಚಿಟ್ಟು, ಅವನ ಬೆನ್ನಿಗೇ ಹೊರಿಸಿ ಮನೆಗೆ ಕಳಿಸುತ್ತಾಳೆ. ತಾನು ಮೈಗೆ ಜೇನು ಬಳಿದು, ಗರಿಗಳಲ್ಲಿ ಹೊರಳಿ, ಹಕ್ಕಿಯ ವೇಷದಲ್ಲಿ ಎಲ್ಲರ ಎದುರೇ ಹೊರಟುಹೋಗುತ್ತಾಳೆ. ಗ್ರೆಟೆಲ್ ಇವಳ ಮುಂದೆ ಏನೂ ಅಲ್ಲ. ಆಫೀಸಿನಲ್ಲಿ ಹೇಳಿದರೆ, ಇದು ಗ್ರಿಮ್ ಕಥೆ ಅಂತ ಹೆಚ್ಚಿನವರು ನಂಬಲೇ ಇಲ್ಲ. ಮಲಗುವ ಹೊತ್ತಿಗೆ ಹೆಣದ ತುಂಡುಗಳ ಕಥೆ ಯಾರು ಓದುತ್ತಾರೆ, ಅಲ್ವಾ?

ಅವಳ ಜೋಡಿ ನಮ್ಮಲ್ಲೂ ಇದ್ದಾಳೆ, ಹೆಸರು ಹಂಚಿ. ಎ. ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡದ ಕಥೆ. ಹೊನ್ನಿನ ಕೂದಲ ಹುಡುಗಿ, ಮಣ್ಣಿನ ಮುಖವಾಡ ಹಾಕಿಕೊಂಡು ಮನೆ ಬಿಟ್ಟು ಹೋಗಿ, ಇನ್ನೊಬ್ಬರ ಮನೆಯಲ್ಲಿ ದುಡಿದು ಬದುಕುತ್ತಾಳೆ. ಮದುವೆಯಾದ ಮೇಲೆ ಒಬ್ಬ ಕಪಟ ಗುರು ಬೆನ್ನು ಬಿದ್ದು, ಸುಳ್ಳು ಹೇಳಿ ಅವಳನ್ನು ಪೆಟ್ಟಿಗೆಗೆ ಹಾಕಿಸುತ್ತಾನೆ. ಅವಳು ಒಬ್ಬ ಮುದುಕಿಯ ನೆರವಿನಿಂದ ಹೊರಗೆ ಬರುತ್ತಾಳೆ. ಅವನು ಪೆಟ್ಟಿಗೆ ತೆರೆದರೆ ಒಳಗಿದ್ದದ್ದು ಹುಚ್ಚುನಾಯಿ.

ಈ ಕಥೆ ಗೊತ್ತಿತ್ತಾ ಅಂತ ಅತ್ತೆಯನ್ನು ಕೇಳಿದೆ. "ಗೊತ್ತಿಲ್ಲದೆ ಏನು? ತಂಗಿಯನ್ನೇ ಮದುವೆಯಾಗ್ತೀನಿ ಅಂತ ಅಣ್ಣ ಹಟ ಹಿಡಿಯೋದರಿಂದ ಶುರುವಾಗುತ್ತೆ. ಅದನ್ನೆಲ್ಲ ಮಕ್ಕಳಿಗೆ ಹೇಳ್ತಾರೇನೋ?" ಅಂದರು. ಸರಿಯೇ ಇರಬಹುದು. ಸೊಸೆಯನ್ನು ಕೆರೆಗೆ ಕೊಡುವ ಕಥೆಗೆ ಮಾತ್ರ ನಮ್ಮ ಮನೆಯಲ್ಲಿ ಅಂಥ ಅಡ್ಡಿ ಇರಲಿಲ್ಲ.