ಬೆರೆಸಿದ ಮೇಲೆ ಅದು ಕಸ

ಮೊನ್ನೆ ಭಾನುವಾರ ನೆಲದ ಮೇಲೆ ಹಳೆ ನ್ಯೂಸ್‌ಪೇಪರ್ ಹಾಸಿ, ಮನೆಯ ಕಸದ ಬುಟ್ಟಿಯನ್ನು ಪೂರ್ತಿ ಅದರ ಮೇಲೆ ಸುರಿದೆ. ಗ್ಲೌಸ್ ಹಾಕಿಕೊಂಡು ಒಂದೊಂದನ್ನೇ ಬೇರೆ ಮಾಡಿದೆ. ಎರಡು ದಿನದ ಕಸ ಅಷ್ಟೆ. ಮನೆ ತುಂಬ ನೆಂಟರಿದ್ದರು, ಯಾವುದು ಯಾವ ಬುಟ್ಟಿಗೆ ಅಂತ ಯಾರಿಗೂ ಹೇಳಿರಲಿಲ್ಲ, ಎಲ್ಲವೂ ಒಂದರಲ್ಲೇ ಬಿದ್ದಿತ್ತು. ತರಕಾರಿ ಸಿಪ್ಪೆ, ತಟ್ಟೆಯಲ್ಲಿ ಬಿಟ್ಟ ಊಟ, ಒಂದು ರಟ್ಟಿನ ಡಬ್ಬಿ, ನೀರಿನ ಬಾಟಲಿಗಳು, ಒಂದು ಡೈಪರ್, ಶೇವಿಂಗ್ ಬ್ಲೇಡು, ಆಟದ ಸಾಮಾನಿನಿಂದ ತೆಗೆದ ಒಂದು ಬಟನ್ ಸೆಲ್.

ರಟ್ಟಿನ ಡಬ್ಬಿ ನೋಡಿ ನಿಜಕ್ಕೂ ಬೇಜಾರಾಯಿತು. ಹಿಂದಿನ ದಿನ ಅದು ಹೊಸದರಂತೆ ಗಟ್ಟಿಯಾಗಿತ್ತು. ಮಡಚಿ ಇಟ್ಟಿದ್ದರೆ ಗುಜರಿಯವರು ತೂಕ ಹಾಕಿ ಒಯ್ಯುತ್ತಿದ್ದರು. ಈಗ ಸಿಪ್ಪೆಯ ನೀರು, ಎಣ್ಣೆ ಎಲ್ಲ ಕುಡಿದು ಮುದ್ದೆಯಾಗಿತ್ತು. ಸಿಪ್ಪೆಯ ಕಥೆಯೂ ಅದೇ, ಪ್ಲಾಸ್ಟಿಕ್ ಚೂರು ಅಂಟಿಕೊಂಡು ಗೊಬ್ಬರಕ್ಕೂ ಬಾರದ ಹಾಗಾಗಿತ್ತು. ಬೇರೆ ಬೇರೆ ಇದ್ದಾಗ ಎರಡೂ ಮಾಲು. ಬೆರೆಸಿದ ಮೇಲೆ ಎರಡೂ ಕಸ. ನನ್ನ ಪ್ರಕಾರ ಕಸದ ಸಮಸ್ಯೆ ಅರ್ಧಕ್ಕರ್ಧ ಇಲ್ಲೇ ಇದೆ. ಲಾರಿಯಲ್ಲಲ್ಲ, ಕಸದ ಗುಡ್ಡದಲ್ಲೂ ಅಲ್ಲ, ಅಡುಗೆಮನೆಯ ಮೂಲೆಯಲ್ಲಿ.

ಹಸಿ ಕಸದ ಮಾತು ಬಂದರೆ ಬಹಳ ಜನ "ಅದೇನು ಬಿಡಿ, ಕೊಳೆತು ಮಣ್ಣಾಗುತ್ತೆ" ಅಂತಾರೆ. ಅಷ್ಟು ಸುಲಭ ಅಲ್ಲ. ಕಸದ ಗುಡ್ಡದ ಒಳಗೆ ಗಾಳಿ ಆಡುವುದಿಲ್ಲ. ಗಾಳಿ ಇಲ್ಲದ ಕಡೆ ಕೊಳೆತರೆ ಮೀಥೇನ್ ಹುಟ್ಟುತ್ತದೆ. 20 ವರ್ಷದ ಲೆಕ್ಕ ಹಿಡಿದರೆ ಇದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಜಾಸ್ತಿ ಭೂಮಿಯನ್ನು ಬಿಸಿ ಮಾಡುತ್ತದೆ. ಗುಡ್ಡಗಳಿಗೆ ಬೆಂಕಿ ಬಿದ್ದರೆ ದಿನಗಟ್ಟಲೆ ಆರದೆ ಉರಿಯುವುದಕ್ಕೆ ಈ ಅನಿಲವೂ ಒಂದು ಕಾರಣ. ಅಡಿಯಲ್ಲಿ ಸೋರುವ ಕಪ್ಪು ನೀರು ಅಂತರ್ಜಲಕ್ಕೆ ಇಳಿಯುತ್ತದೆ. 2000ದಲ್ಲಿ ಫಿಲಿಪ್ಪೀನ್ಸ್‌ನ ಪಯಾಟಾಸ್‌ನಲ್ಲಿ, 2017ರಲ್ಲಿ ಇಥಿಯೋಪಿಯಾದ ಅಡಿಸ್ ಅಬಾಬಾದಲ್ಲಿ ಇಂಥ ಗುಡ್ಡಗಳು ಕುಸಿದು ಪಕ್ಕದ ಗುಡಿಸಲುಗಳ ಮೇಲೇ ಬಿದ್ದವು. ನೂರಾರು ಜನ ಕಸದ ಅಡಿಯಲ್ಲಿ ಸತ್ತರು. ಇದನ್ನು ಓದಿದ ದಿನದಿಂದ "ಸುಮ್ನೆ ಎಸೆದರಾಯ್ತು" ಅನ್ನೋ ಮಾತು ನನ್ನ ಬಾಯಲ್ಲಿ ಬರುವುದಿಲ್ಲ.

ಇನ್ನು ಊಟ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಲೆಕ್ಕದಂತೆ 2022ರಲ್ಲಿ ಜಗತ್ತಿನಲ್ಲಿ ವ್ಯರ್ಥವಾದ ಆಹಾರ 105 ಕೋಟಿ ಟನ್. ಅದರಲ್ಲಿ ಸುಮಾರು 60 ಶೇಕಡಾ ಹೋಟೆಲಿನದ್ದಲ್ಲ, ಅಂಗಡಿಯದ್ದಲ್ಲ, ಮನೆಗಳದ್ದು. ನಮ್ಮಂಥವರ ಮನೆಗಳದ್ದು.

ಗೊಬ್ಬರ ಮಾಡೋದು ಕಷ್ಟ ಅಂತ ನಾನೂ ಅಂದುಕೊಂಡಿದ್ದೆ. ಮೊದಲ ಸಲ ಬರೀ ಸಿಪ್ಪೆ ತುಂಬಿ ಮುಚ್ಚಳ ಬಿಗಿ ಮಾಡಿಟ್ಟೆ, ವಾರಕ್ಕೆ ಕೊಳೆತ ಮೊಟ್ಟೆಯ ವಾಸನೆ, ಹುಳ. ತಪ್ಪಿದ್ದು ಗಾಳಿ ಮತ್ತು ಒಣ ಎಲೆ, ಎರಡೇ. ಈಗ ಬಕೆಟ್ಟಿನ ಸುತ್ತ ತೂತು ಮಾಡಿದ್ದೇನೆ. ಒಂದು ಹಿಡಿ ಸಿಪ್ಪೆಗೆ ಎರಡು ಹಿಡಿ ಒಣ ಎಲೆ, ಎಲೆ ಇಲ್ಲದಿದ್ದರೆ ಹರಿದ ರಟ್ಟು ಅಥವಾ ಮರದ ಹೊಟ್ಟು. ಎರಡು ದಿನಕ್ಕೊಮ್ಮೆ ಕೋಲಿನಿಂದ ಕೆದಕುತ್ತೇನೆ. ನಡುವೆ ಕೈ ಇಟ್ಟರೆ ಬೆಚ್ಚಗಿರುತ್ತದೆ, ಒಳಗಿನ ಸೂಕ್ಷ್ಮಜೀವಿಗಳು ಕೆಲಸ ಮಾಡುತ್ತಿವೆ ಅಂತ ಅರ್ಥ. ದೊಡ್ಡ ರಾಶಿಯಾದರೆ 55-60 ಡಿಗ್ರಿವರೆಗೂ ಬಿಸಿಯೇರುತ್ತದೆ, ಕಳೆಯ ಬೀಜಗಳೂ ಸತ್ತುಹೋಗುತ್ತವೆ. ತುಂಬಿದ ಬಕೆಟ್ಟನ್ನು ಎರಡು ಮೂರು ತಿಂಗಳು ಬಿಟ್ಟರೆ ಮೊದಲ ಮಳೆಯ ಮಣ್ಣಿನ ವಾಸನೆಯ ಕಪ್ಪು ಪುಡಿ ಸಿಗುತ್ತದೆ.

ಒಣ ಕಸದ ಬಗ್ಗೆ ನನಗಿರುವ ತಕರಾರು ಬೇರೆ. ಬೇರೆ ಬುಟ್ಟಿಗೆ ಹಾಕಿದೆ, ನನ್ನ ಕೆಲಸ ಮುಗಿಯಿತು ಅಂತ ಎಷ್ಟು ಬೇಗ ಸಮಾಧಾನ ಆಗಿಬಿಡುತ್ತದೆ ಅಲ್ವಾ? 1950ರಿಂದ 2015ರವರೆಗೆ ಜಗತ್ತು ತಯಾರಿಸಿದ ಪ್ಲಾಸ್ಟಿಕ್ ಸುಮಾರು 830 ಕೋಟಿ ಟನ್. ಅದರಲ್ಲಿ ಕಸವಾದ ಪಾಲಿನಲ್ಲಿ ಮರುಬಳಕೆಯಾಗಿದ್ದು ಸುಮಾರು 9 ಶೇಕಡಾ ಮಾತ್ರ. ಡಬ್ಬಿಯ ತಳದಲ್ಲಿ ತ್ರಿಕೋನದೊಳಗೆ ಒಂದು ಸಂಖ್ಯೆ ಇರುತ್ತದೆ, ನೋಡಿರುತ್ತೀರಿ. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದವರು ತಂದ ಗುರುತು ಅದು. ಅದು ಯಾವ ಜಾತಿಯ ಪ್ಲಾಸ್ಟಿಕ್ ಅಂತ ಹೇಳುತ್ತದೆ, ಮರುಬಳಕೆ ಆಗುತ್ತದೆ ಅಂತ ಭರವಸೆ ಕೊಡುವುದಿಲ್ಲ. 1 ಮತ್ತು 2ಕ್ಕೆ ಸಾಮಾನ್ಯವಾಗಿ ಬೇಡಿಕೆ ಇದೆ. ಪ್ಲಾಸ್ಟಿಕ್, ಬೆಳ್ಳಿ ಬಣ್ಣದ ಹಾಳೆ ಎರಡೂ ಅಂಟಿಸಿದ ಮಿನುಗುವ ಪ್ಯಾಕೆಟ್ಟುಗಳ ಪದರ ಬಿಡಿಸುವುದೇ ಕಷ್ಟ, ಹೆಚ್ಚಿನ ಕಡೆ ಯಾರೂ ಕೊಳ್ಳುವುದಿಲ್ಲ. ಅಲ್ಯೂಮಿನಿಯಂ ಕ್ಯಾನ್ ಹಾಗಲ್ಲ. ಅದನ್ನು ಕರಗಿಸಿ ಮತ್ತೆ ಬಳಸಿದರೆ ಅದಿರಿನಿಂದ ಹೊಸದಾಗಿ ತೆಗೆಯುವುದಕ್ಕೆ ಬೇಕಾದ ಶಕ್ತಿಯಲ್ಲಿ 95 ಶೇಕಡಾ ಉಳಿಯುತ್ತದೆ. ಹಾಗಾಗಿ ಲೋಹ, ಗಾಜು, ರಟ್ಟು, ಗಟ್ಟಿ ಬಾಟಲಿ ಯಾವುದನ್ನೂ ಬಿಡಬೇಡಿ. ರಟ್ಟನ್ನು ಒದ್ದೆಯಾಗದಂತೆ ಇಟ್ಟು ಕೊಡಿ, ಉಳಿದದ್ದನ್ನು ತೊಳೆದು ಒಣಗಿಸಿ ಕೊಡಿ. ಮಿನುಗುವ ಪ್ಯಾಕೆಟ್ಟನ್ನು ಮಾತ್ರ ಕೊಳ್ಳುವಾಗಲೇ ಕಮ್ಮಿ ಮಾಡಿ, ಆಮೇಲೆ ದಾರಿ ಇಲ್ಲ. ಪ್ಯಾಕೆಟ್ ಕತ್ತರಿಸುವಾಗ ಮೂಲೆಯನ್ನು ಪೂರ್ತಿ ತುಂಡು ಮಾಡಬೇಡಿ, ಅಂಟಿಕೊಂಡೇ ಇರಲಿ. ಆ ಚೂರನ್ನು ಯಾರೂ ಆರಿಸುವುದಿಲ್ಲ, ಸೀದಾ ಚರಂಡಿಗೆ ಹೋಗುತ್ತದೆ.

ಬಟ್ಟೆ ಚೀಲದ ಬಗ್ಗೆಯೂ ಒಂದು ಮಾತು. ಸಿಕ್ಕಲ್ಲೆಲ್ಲ ಹೊಸ ಚೀಲ ತಂದು ರಾಶಿ ಹಾಕಿದರೆ ಏನೂ ಉಳಿಯುವುದಿಲ್ಲ. ಇರುವುದನ್ನೇ ಹರಿಯುವವರೆಗೆ ಬಳಸಿ.

ಇ-ಕಸ, ಅಂದರೆ ಎಸೆದ ಫೋನು, ಚಾರ್ಜರ್‌ನಂಥ ಎಲೆಕ್ಟ್ರಾನಿಕ್ ಸಾಮಾನು, 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಆಗಿತ್ತು. ಸರಿಯಾಗಿ ಸಂಗ್ರಹಿಸಿ ಮರುಬಳಕೆ ಮಾಡಿದ್ದಕ್ಕೆ ದಾಖಲೆ ಇರುವುದು ಕಾಲು ಭಾಗಕ್ಕಿಂತ ಕಡಿಮೆ. ಆ ಬಟನ್ ಸೆಲ್ ಹಿಡಿದು ನಾನು ಸ್ವಲ್ಪ ಹೊತ್ತು ಕೂತಿದ್ದೆ. ಮಗು ನುಂಗಿದರೆ ಕೆಲವೇ ಗಂಟೆಗಳಲ್ಲಿ ಅನ್ನನಾಳ ಸುಡುವ ವಸ್ತು ಅದು. ಫೋನಿನ ಲಿಥಿಯಂ ಬ್ಯಾಟರಿಯೂ ಅಷ್ಟೇ, ಕಸದ ಗಾಡಿಯಲ್ಲಿ ಒತ್ತಡಕ್ಕೆ ಸಿಕ್ಕಿ ಜಜ್ಜಿಹೋದರೆ ಹೊತ್ತಿಕೊಳ್ಳುತ್ತದೆ. ತುದಿಗೆ ಟೇಪ್ ಅಂಟಿಸಿ ಬೇರೆ ಡಬ್ಬಿಯಲ್ಲಿ ಇಡಿ, ಇ-ಕಸ ತೆಗೆದುಕೊಳ್ಳುವ ಕಡೆ ಕೊಡಿ. ಹಳೆ ಔಷಧಿ, ಬಲ್ಬು, ಪೇಂಟ್ ಡಬ್ಬಿಗಳನ್ನೂ ದಿನದ ಕಸಕ್ಕೆ ಸೇರಿಸಬೇಡಿ. ಪ್ಯಾಡ್, ಡೈಪರ್ ಪೇಪರಿನಲ್ಲಿ ಸುತ್ತಿ, ಗುರುತು ಹಾಕಿ ಬೇರೆ ಕೊಡಿ. ಸುತ್ತದೆ ಹಾಕಿದ್ದನ್ನು ಬರಿಗೈಲಿ ಬೇರೆ ಮಾಡುವವರು ಒಬ್ಬರು ಇದ್ದೇ ಇರುತ್ತಾರೆ.

ಸೋಮವಾರ ಬೆಳಗ್ಗೆ ಆ ಬ್ಲೇಡನ್ನು ದಪ್ಪ ರಟ್ಟಿನಲ್ಲಿ ಸುತ್ತಿ, ಟೇಪ್ ಹಾಕಿ, ಮೇಲೆ "ಬ್ಲೇಡ್" ಅಂತ ದೊಡ್ಡದಾಗಿ ಬರೆದು ಕಸ ಎತ್ತುವ ಅಕ್ಕನ ಕೈಗೆ ಕೊಟ್ಟೆ. ಅವರು ಅದನ್ನು ಗಾಡಿಯ ಬದಿಗೆ ಬೇರೆಯಾಗಿ ಇಟ್ಟುಕೊಂಡರು. ಆಮೇಲೆ ಏನೂ ಹೇಳದೆ ಬಲಗೈ ಚಾಚಿ ತೋರಿಸಿದರು. ಹೆಬ್ಬೆರಳಿನಿಂದ ಮಣಿಕಟ್ಟಿನವರೆಗೆ ಹೊಲಿಗೆಯ ಗುರುತು ಇತ್ತು.