'ನಾರ್ಮಲ್' ಅಂತೆ. ಯಾರ ನಾರ್ಮಲ್?

ತಲೆಗೆ ಪೆಟ್ಟು ಬಿದ್ದ ಕೆಲವು ತಿಂಗಳ ಮೇಲೆ ನಮ್ಮ ಚಿಕ್ಕಪ್ಪನಿಗೆ ಐಕ್ಯೂ ಟೆಸ್ಟ್ ಮಾಡಿದರು. 101 ಬಂತು. ಸರಾಸರಿ 100 ಅಲ್ವಾ, ಹಾಗಾಗಿ ರಿಪೋರ್ಟಿನಲ್ಲಿ 'ನಾರ್ಮಲ್' ಅಂತ ಬರೆದು ಕೈಗೆ ಕೊಟ್ಟರು. ಉದ್ದುದ್ದ ಲೆಕ್ಕವನ್ನು ಪೆನ್ನು ಮುಟ್ಟದೆ ಬಾಯಲ್ಲೇ ಹೇಳುತ್ತಿದ್ದ ಮನುಷ್ಯ, ಈಗ ಐದು ಸಾಲಿನ ಬಿಲ್ ಕೂಡಿಸಲು ಕೂತರೆ ಮೂರನೇ ಸಾಲಿಗೆ ಬರುವಷ್ಟರಲ್ಲಿ ಮೊದಲನೆಯದು ಮರೆತು ಮತ್ತೆ ಮೇಲಿಂದ ಶುರು ಮಾಡುತ್ತಾರೆ.

ಮೊದಲು 130 ಇದ್ದವರು 101ಕ್ಕೆ ಇಳಿದರೆ ಅದು ದೊಡ್ಡ ನಷ್ಟ. ಮೊದಲೂ 101 ಇದ್ದವರಾದರೆ ಏನೂ ಆಗಿಲ್ಲ. ಕಾಗದದ ಮೇಲೆ ಇಬ್ಬರೂ ಒಂದೇ. ಬೀಳುವ ಮುಂಚೆ ಟೆಸ್ಟ್ ಮಾಡಿಸಿ ಇಟ್ಟುಕೊಂಡವರು ಯಾರಿದ್ದಾರೆ ಹೇಳಿ?

ಇದಕ್ಕೆ ಬ್ರಿಟನ್ನಿನ ಮನೋವಿಜ್ಞಾನಿ ಹೇಝಲ್ ನೆಲ್ಸನ್ 1982ರಲ್ಲಿ ಒಂದು ಜಾಣ ಉಪಾಯ ಕೊಟ್ಟರು. ನ್ಯಾಷನಲ್ ಅಡಲ್ಟ್ ರೀಡಿಂಗ್ ಟೆಸ್ಟ್, ಚಿಕ್ಕದಾಗಿ ನಾರ್ಟ್. 50 ಇಂಗ್ಲಿಷ್ ಪದ, ಬರೆದ ಹಾಗೆ ಓದಿದರೆ ತಪ್ಪಾಗುವಂಥವು. ಜೋರಾಗಿ ಓದಿದರೆ ಸಾಕು, ಅರ್ಥ ಕೇಳಲ್ಲ. 'ಡೆಟ್' (debt) ಪದದಲ್ಲಿ ಒಂದು ಬಿ ಕೂತಿರುತ್ತದೆ, ಅದು ಬಾಯಿಗೆ ಬರಬಾರದು. ಹೋಗ್ತಾ ಹೋಗ್ತಾ 'ಡಿಮೇನ್' (demesne) ಥರದವು ಬರುತ್ತವೆ, ಅದರೊಳಗೆ ಎಸ್ ಒಂದು ಸುಮ್ನೆ ಕೂತಿದೆ. ತಲೆ ಓಡಿಸಿ ಕಂಡುಹಿಡಿಯುವ ಮಾತಲ್ಲ ಇದು, ಹಿಂದೆ ಎಂದೋ ಕಲಿತಿದ್ದರೆ ಬಂತು, ಇಲ್ಲದಿದ್ದರೆ ಇಲ್ಲ. ಮಿದುಳಿಗೆ ಏಟಾದಾಗ ವೇಗ, ನೆನಪು, ಹೊಸ ಸಮಸ್ಯೆ ಬಿಡಿಸುವ ಶಕ್ತಿ ಬೇಗ ಕುಸಿಯುತ್ತವೆ. ಇಂಥ ಹಳೇ ಓದು ಬಹಳ ಮಂದಿಯಲ್ಲಿ ಗಟ್ಟಿಯಾಗಿ ಉಳಿದಿರುತ್ತದೆ. ತಪ್ಪು ಎಣಿಸಿ ಸೂತ್ರಕ್ಕೆ ಹಾಕಿದರೆ ಹಳೇ ಐಕ್ಯೂ ಎಷ್ಟಿತ್ತು ಅನ್ನುವ ಅಂದಾಜು ಸಿಗುತ್ತದೆ.

ಸುಳ್ಳಲ್ಲ ಇದು. ಸ್ಕಾಟ್ಲೆಂಡಿನಲ್ಲಿ 1921ರಲ್ಲಿ ಹುಟ್ಟಿದ ಹೆಚ್ಚುಕಮ್ಮಿ ಎಲ್ಲ ಮಕ್ಕಳಿಗೂ 1932ರಲ್ಲಿ ಬುದ್ಧಿ ಪರೀಕ್ಷೆ ಮಾಡಿದ್ದರು. 66 ವರ್ಷ ಕಳೆದ ಮೇಲೆ ಅವರಲ್ಲಿ ಕೆಲವರಿಗೆ ನಾರ್ಟ್ ಓದಿಸಿ ನೋಡಿದರೆ, 11ನೇ ವಯಸ್ಸಿನ ಅಂಕಕ್ಕೂ ಇದಕ್ಕೂ 0.73ರಷ್ಟು ಸಹಸಂಬಂಧ (1 ಬಂದರೆ ಪೂರ್ತಿ ಹೊಂದಿಕೆ, 0 ಬಂದರೆ ನಂಟೇ ಇಲ್ಲ)! ಓದಿದಾಗ ನಾನೂ ಬೆರಗಾದೆ.

ನನ್ನ ತಕರಾರು ಬೇರೆ. 1991ರ ಸೂತ್ರ ಹೀಗಿದೆ: 130.6ರಿಂದ, ಒಂದೊಂದು ತಪ್ಪಿಗೆ 1.24 ಕಳೆಯಿರಿ. ಚಿಕ್ಕಪ್ಪ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು, ಇಂಗ್ಲಿಷ್ ಅಂದರೆ ಬೋರ್ಡ್ ಓದುವಷ್ಟು. 40 ತಪ್ಪು ಮಾಡಿದರು ಅಂತಿಟ್ಟುಕೊಳ್ಳಿ, ಅಂದಾಜು 81. ಈಗ ಇರುವುದು 101. ಅಂದರೆ ತಲೆಗೆ ಪೆಟ್ಟು ಬಿದ್ದು ನಮ್ಮ ಚಿಕ್ಕಪ್ಪ 20 ಪಾಯಿಂಟ್ ಜಾಣರಾದರು! ನಾರ್ಟ್ ರೂಪಿಸಿದವರೂ ಇದನ್ನು ಬಲ್ಲರು, ಆ ಭಾಷೆಯಲ್ಲೇ ಬೆಳೆದವರಿಗೆ ಮಾತ್ರ ಅನ್ನುತ್ತಾರೆ. ಆದರೂ ಅದೇ ಭಾಷೆಯ ಮಂದಿಯಲ್ಲಿ ಶಾಲೆ ತಪ್ಪಿದವರು ಇಲ್ವಾ? ಓದಲು ಮೊದಲಿನಿಂದಲೇ ಕಷ್ಟಪಡುವ ಡಿಸ್‌ಲೆಕ್ಸಿಯಾದವರು? ಇನ್ನು ಪದಗಳ ಅರ್ಥವೇ ಅಳಿಸಿಹೋಗುವ ಮಿದುಳಿನ ಕಾಯಿಲೆ ಸಿಮ್ಯಾಂಟಿಕ್ ಡಿಮೆನ್ಶಿಯಾ ಬಂದವರಲ್ಲಿ ಈ ಓದೇ ಕೆಡುತ್ತದೆ, ಉಚ್ಚರಿಸಬಾರದ ಬಿ, ಎಸ್ ಎಲ್ಲವೂ ಬಾಯಿಗೆ ಬಂದುಬಿಡುತ್ತವೆ.

ಕನ್ನಡದಲ್ಲಂತೂ ಈ ಉಪಾಯ ನಡೆಯಲ್ಲ. ಅಕ್ಷರ ಬಂದರೆ ಅರ್ಥವಿಲ್ಲದ ಪದವನ್ನೂ ಸರಿಯಾಗಿಯೇ ಓದಿಬಿಡುತ್ತೇವೆ. ಸ್ಪ್ಯಾನಿಷಿನದೂ ಇದೇ ಕಥೆ, ಅಲ್ಲಿ ಅಪರೂಪದ ಪದದಿಂದ ಯಾವ ಭಾಗ ಒತ್ತಿ ಹೇಳಬೇಕು ಅನ್ನುವ ಗುರುತು ತೆಗೆದು ಓದಿಸುತ್ತಾರೆ. ಜಪಾನಿನವರು ಕಾಂಜಿ ಪದ ಇಡುತ್ತಾರೆ, ಅಂದರೆ ಚೀನೀ ಮೂಲದ ಲಿಪಿಯಲ್ಲಿ ಬರೆದದ್ದು.

ಹಾಗಾದರೆ ಏನು ಮಾಡಬೇಕು? ಮನೆಯವರನ್ನು ಕೂರಿಸಿಕೊಂಡು ಕೇಳಿ ಅನ್ನುತ್ತೇನೆ ನಾನು. ಏನು ಕೆಲಸ ಮಾಡುತ್ತಿದ್ದರು, ಯಾವ ಲೆಕ್ಕ ಅವರ ಕೈಲಿತ್ತು, ಯಾವುದಕ್ಕೆ ಊರವರು ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಎರಡನೇ ಸಲ ಬೇರೆ ಡಾಕ್ಟರ್ ಹತ್ತಿರ ಹೋದಾಗ ಚಿಕ್ಕಮ್ಮ ಚಿಕ್ಕಪ್ಪನ ಹಳೇ ಲೆಕ್ಕದ ಪುಸ್ತಕಗಳನ್ನು ಚೀಲದಲ್ಲಿ ಹಾಕಿಕೊಂಡು ಬಂದಿದ್ದರು. ಡಾಕ್ಟರಮ್ಮ ಪುಟ ತಿರುಗಿಸಿದರು. ಕಾಟಿಲ್ಲ, ತಿದ್ದಿಲ್ಲ, ಪುಟಗಟ್ಟಲೆ ಮೊತ್ತ. ಕೊನೆಯ ಪುಸ್ತಕದ ಅರ್ಧಕ್ಕೆ ಬಂದಾಗ ಕೈ ನಿಂತಿತು. ಅಲ್ಲಿಂದಾಚೆ ಒಂದೇ ಮೊತ್ತವನ್ನು ನಾಲ್ಕು ಸಲ ಹೊಡೆದು ಬರೆದಿದ್ದರು ಚಿಕ್ಕಪ್ಪ. ಡಾಕ್ಟರಮ್ಮ ಆ 'ನಾರ್ಮಲ್' ರಿಪೋರ್ಟನ್ನು ಪಕ್ಕಕ್ಕಿಟ್ಟು, "ಇದು ಯಾವ ತಿಂಗಳಿನದು?" ಅಂತ ಕೇಳಿದರು.